ಪ್ರಕೃತಿಯ ತಲೆಗೆ ಕಟ್ಟಿದ ಸಾವುಗಳು

ಹಿಮಾಲಯದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಚಾರಣಿಗರು ಸತ್ತರೆ ಮರುದಿನದ ಪತ್ರಿಕೆಯಲ್ಲಿ ಏನಿರುತ್ತದೆಂದು ಪುಟ ತೆರೆಯದೆಯೇ ಹೇಳಬಹುದು. ‘ಪ್ರಕೃತಿಯ ಮುನಿಸು’, ‘ಜವರಾಯನಾಗಿ ಬಂದ ಹಿಮ’, ‘ಕ್ಷಣಾರ್ಧದಲ್ಲಿ ಎಲ್ಲ ಮುಗಿಯಿತು’. ಟಿ.ವಿ.ಯಲ್ಲಾದರೆ ಯಾವುದೋ ದೇಶದ, ಯಾವುದೋ ವರ್ಷದ ವಿಡಿಯೊ ತುಣುಕು ಹಿನ್ನೆಲೆ ಸಂಗೀತದ ಸಮೇತ ಹತ್ತಾರು ಸಲ ಉರುಳುತ್ತದೆ. ಸಚಿವರು ಸಂತಾಪ ಸೂಚಿಸುತ್ತಾರೆ. ಪರಿಹಾರದ ಮೊತ್ತ ಘೋಷಣೆಯಾಗುತ್ತದೆ. ಚಾರಣ ಏರ್ಪಡಿಸಿದವರು ‘ಇಂಥದ್ದನ್ನು ಯಾರೂ ಊಹಿಸುವಂತಿರಲಿಲ್ಲ’ ಎಂದು ಹೇಳಿಕೆ ಕೊಡುತ್ತಾರೆ. ಗೆಳೆಯರು ‘ಪ್ರೀತಿಸಿದ ಬೆಟ್ಟದ ಮಡಿಲಲ್ಲೇ ಲೀನವಾದ’ ಎಂದು ಫೇಸ್‌ಬುಕ್ಕಿನಲ್ಲಿ ಬರೆಯುತ್ತಾರೆ. ಅಷ್ಟರಲ್ಲಿ ಮುಂದಿನ ತಂಡದ ಬುಕಿಂಗ್ ಶುರುವಾಗಿರುತ್ತದೆ.

ಇಷ್ಟು ಜನ ಇಷ್ಟು ಬೇಗ ಒಂದೇ ಮಾತಿಗೆ ಬರುವುದನ್ನು ಕಂಡರೆ ಅನುಮಾನ ಪಡಬೇಕು. ಹಿಮಕುಸಿತವೆಂದರೆ ಹೇಳದೆ ಕೇಳದೆ ಮೇಲಿನಿಂದ ಬಂದು ಎರಗುವ ಆಪತ್ತು, ಅದರ ಮುಂದೆ ಮನುಷ್ಯ ಹುಲುಮಾನವ ಎಂಬ ಈ ನಂಬಿಕೆ ಎಲ್ಲರಿಗೂ ಅನುಕೂಲವಾಗಿದೆ. ಏರ್ಪಡಿಸಿದವರಿಗೆ ಹೊಣೆಯಿಲ್ಲ, ಪರವಾನಗಿ ಕೊಟ್ಟವರಿಗೆ ಪ್ರಶ್ನೆಯಿಲ್ಲ, ಹೋಗಿಬಂದವರಿಗೆ ಸಾಹಸದ ಕಳೆ, ಸತ್ತವರ ಮನೆಯವರಿಗೆ ಹಣೆಬರಹವೆಂಬ ಒಂದಿಷ್ಟು ಸಮಾಧಾನ. ಆದರೆ ಈ ನಂಬಿಕೆ ಸುಳ್ಳು. ಮೋಜಿಗಾಗಿ ಹಿಮಕ್ಕೆ ಹೋದವರನ್ನು ಕೊಂದ ಹಿಮಕುಸಿತಗಳ ಲೆಕ್ಕವನ್ನು ಯುರೋಪಿನಲ್ಲೂ ಉತ್ತರ ಅಮೆರಿಕದಲ್ಲೂ ದಶಕಗಳಿಂದ ಇಟ್ಟಿದ್ದಾರೆ. ಅವುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟನ್ನು ಕೆದಕಿ ಎಬ್ಬಿಸಿದ್ದು ಸಿಕ್ಕಿಬಿದ್ದವನದೇ ಅಥವಾ ಅವನ ಜೊತೆಗಾರನದೇ ಕಾಲು. ಬೆಟ್ಟ ಅವರ ಮೇಲೆ ಬೀಳಲಿಲ್ಲ; ಅವರು ಅದನ್ನು ಬೀಳಿಸಿಕೊಂಡರು.

ಒಂದು ಗೆರೆಯನ್ನು ಮೊದಲೇ ಎಳೆಯಬೇಕು. 1979ರ ಮಾರ್ಚಿನಲ್ಲಿ ಲಾಹೌಲ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹಿಮದಡಿ ಸತ್ತರು. 2005ರ ಫೆಬ್ರುವರಿಯಲ್ಲಿ ಕಾಶ್ಮೀರದ ವಾಲ್ಟೆಂಗು ನಾರ್ ಎಂಬ ಹಳ್ಳಿಯೇ ಮುಚ್ಚಿಹೋಗಿ ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಅವರು ಅಲ್ಲಿ ಹುಟ್ಟಿದವರು. ಇಳಿಜಾರಿನ ಬುಡದಲ್ಲಿ ಮನೆ ಇದ್ದವರು. ಸಿಯಾಚಿನ್‌ನ ಸೈನಿಕ ಆಜ್ಞೆಗೆ ತಲೆಬಾಗಿ ನಿಂತವನು. 2025ರ ಫೆಬ್ರುವರಿ 28ರಂದು ಬದರಿಯ ಆಚೆಯ ಮಾಣಾದಲ್ಲಿ ಹಿಮದಡಿ ಸಿಕ್ಕಿದ 54 ಕಾರ್ಮಿಕರು ಹೊಟ್ಟೆಪಾಡಿಗೆ ರಸ್ತೆ ಕೆಲಸಕ್ಕೆ ಹೋದವರು; ಎಂಟು ಮಂದಿ ಬದುಕಲಿಲ್ಲ. ಇವರ ಸಾವಿನ ಲೆಕ್ಕ ಬೇರೆ, ಅಲ್ಲಿ ಕೇಳಬೇಕಾದ ಪ್ರಶ್ನೆಗಳೂ ಬೇರೆ. ನಾನು ಹೇಳುತ್ತಿರುವುದು ದುಡ್ಡು ಕಟ್ಟಿ, ರಜೆ ಹಾಕಿ, ವಿಮಾನ ಹತ್ತಿ ಹೋಗುವ ನಮ್ಮಂಥವರ ಮಾತು. ನಮಗೆ ಆ ಇಳಿಜಾರಿನಲ್ಲಿ ಇರಲೇಬೇಕಾದ ಯಾವ ದರ್ದೂ ಇಲ್ಲ. ಹಳ್ಳಿಗನ, ಸೈನಿಕನ, ಕೂಲಿಯವನ ವಿಧಿಯನ್ನು ಎರವಲು ತಂದು ನಮ್ಮ ಪ್ರವಾಸದ ಆಯ್ಕೆಗಳಿಗೆ ಹೊದಿಸುವುದು ಅವರಿಗೂ ಮಾಡುವ ಅವಮಾನ.

ಹಿಮ ಒಂದೇ ಸಲ ಬಿದ್ದು ಒಂದೇ ಗುಡ್ಡೆಯಾಗಿ ಕೂರುವುದಿಲ್ಲ. ಡಿಸೆಂಬರಿನದು ತಳದಲ್ಲಿ, ಸಂಕ್ರಾಂತಿಯ ಹೊತ್ತಿನದು ಅದರ ಮೇಲೆ, ಮೊನ್ನೆಯದು ಎಲ್ಲಕ್ಕೂ ಮೇಲೆ. ನಡುವೆ ಬಿಸಿಲಿಗೆ ಕರಗಿ ಮತ್ತೆ ಹೆಪ್ಪುಗಟ್ಟಿದ ಗಾಜಿನ ಪದರ, ಗಾಳಿ ತಂದು ಒತ್ತಿದ ಗಟ್ಟಿ ಪದರ. ಇಳಿಜಾರಿನಲ್ಲಿ ಎದೆಮಟ್ಟದ ಗುಂಡಿ ತೋಡಿ, ಒಂದು ಗೋಡೆಯನ್ನು ಸನಿಕೆಯಿಂದ ನುಣ್ಣಗೆ ಕೆರೆದರೆ ಇಡೀ ಚಳಿಗಾಲದ ಪಂಚಾಂಗ ಅಲ್ಲಿ ಕಾಣುತ್ತದೆ. ಅದನ್ನು ಓದಲು ಯಂತ್ರ ಬೇಡ. ಪದರದೊಳಕ್ಕೆ ಮುಷ್ಟಿಯೇ ಹೋಗುತ್ತದೋ, ನಾಲ್ಕು ಬೆರಳೋ, ಒಂದೇ ಬೆರಳೋ, ಪೆನ್ಸಿಲ್ಲೋ, ಚಾಕುವೇ ಬೇಕೋ ಎಂದು ಮೇಲಿನಿಂದ ಕೆಳಗೆ ಒತ್ತುತ್ತ ಬರುವುದು. ಜಗತ್ತಿನಾದ್ಯಂತ ಹಿಮ ಬಲ್ಲವರ ಅಳತೆಗೋಲು ಇದೇ. ಮೇಲೆ ಪೆನ್ಸಿಲ್ ಬೇಡುವ ಗಟ್ಟಿ ಪದರವಿದ್ದು ಅದರಡಿಯಲ್ಲಿ ಮುಷ್ಟಿ ಸಲೀಸಾಗಿ ತೂರಿದರೆ ಎದೆ ಝಲ್ಲೆನ್ನಬೇಕು. ಆಮೇಲೆ ಮೂವತ್ತು ಸೆಂಟಿಮೀಟರ್ ಚೌಕದ ಒಂದು ಕಂಬವನ್ನು ಸುತ್ತಲಿನ ಹಿಮದಿಂದ ಬಿಡಿಸಿ, ತಲೆಯ ಮೇಲೆ ಸನಿಕೆ ಮಗುಚಿಟ್ಟು, ಹತ್ತು ಸಲ ಮಣಿಕಟ್ಟಿನಿಂದ, ಹತ್ತು ಸಲ ಮೊಣಕೈಯಿಂದ, ಹತ್ತು ಸಲ ಭುಜದಿಂದ ತಟ್ಟುತ್ತಾರೆ. ಎಷ್ಟನೆಯ ತಟ್ಟಿಗೆ, ಯಾವ ಪದರದಲ್ಲಿ, ಹೇಗೆ ಜಾರಿತು ಎಂದು ಬರೆದಿಟ್ಟುಕೊಳ್ಳುತ್ತಾರೆ. ಎಲ್ಲ ಸೇರಿ ಅರ್ಧ ಗಂಟೆಯೊಳಗಿನ ಕೆಲಸ. ಒಂದು ಗುಂಡಿ ಇಡೀ ಬೆಟ್ಟದ ಸಾಕ್ಷಿ ಹೇಳುವುದಿಲ್ಲ, ನಿಜ. ‘ಇಲ್ಲಿ ಭದ್ರವಾಗಿದೆ’ ಎಂದು ಅದು ಹೇಳಿದರೆ ಪೂರ್ತಿ ನಂಬಬಾರದು. ‘ಇಲ್ಲಿ ಸಡಿಲವಾಗಿದೆ’ ಎಂದರೆ ಮಾತ್ರ ನಂಬಲೇಬೇಕು.

ಕೊಲ್ಲುವ ಹಿಮಕುಸಿತ ಬಹುಪಾಲು ಇಂಥ ಗಟ್ಟಿ, ಸಡಿಲ ಪದರಗಳೆರಡರ ಜಗಳ. ಮೇಲೆ ಒಂದು ಸ್ಲ್ಯಾಬ್, ಅಂದರೆ ಹಲಗೆಯಂಥ ಗಟ್ಟಿ ಪದರ, ಕೆಳಗೆ ಅದನ್ನು ಹೊರಲಾರದ ದುರ್ಬಲ ಪದರ. ಲಡಾಖಿನಂಥ ಕಡೆ ಹಿಮ ತೆಳ್ಳಗೆ ಬೀಳುತ್ತದೆ, ಚಳಿ ವಿಪರೀತ. ನೆಲದ ಬಳಿ ಹಿಮದ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಮೇಲ್ಮೈ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅರ್ಧ ಮೀಟರಿನಲ್ಲಿ ಇಷ್ಟು ಅಂತರವಿದ್ದರೆ ತಳದಿಂದ ಆವಿ ಮೇಲೇರಿ, ಅಲ್ಲಲ್ಲೇ ಮತ್ತೆ ಹೆಪ್ಪುಗಟ್ಟಿ, ಹಿಮದ ಕಣಗಳು ಒಂದನ್ನೊಂದು ಹಿಡಿದುಕೊಳ್ಳದ ಮೂಲೆಮೂಲೆಯ ಹರಳುಗಳಾಗುತ್ತವೆ. ಕೈಗೆತ್ತಿಕೊಂಡರೆ ಬನ್ಸಿ ರವೆಯ ಹಾಗೆ ಬೆರಳ ಸಂದಿಯಿಂದ ಸೋರುತ್ತದೆ. ಇದರ ಮೇಲೆ ಫೆಬ್ರುವರಿಯ ದೊಡ್ಡ ಹಿಮ ಬಿದ್ದು ಗಾಳಿಗೆ ಗಟ್ಟಿಯಾದರೆ ಬಲೆ ಸಿದ್ಧ. ಚಾರಣಿಗನ ತೂಕ ತಳದ ಪದರವನ್ನು ಒಂದು ಕಡೆ ಮುರಿಯುತ್ತದೆ. ಆ ಬಿರುಕು ಕಣ್ಣಿಗೆ ಕಾಣದಂತೆ ಹಿಮದಡಿಯಲ್ಲೇ ಇಳಿಜಾರಿನುದ್ದಕ್ಕೂ ಓಡುತ್ತದೆ. ಆಗ ಅವನ ಕಾಲಡಿಯಷ್ಟೇ ಅಲ್ಲ, ಅವನಿಗಿಂತ ಎಷ್ಟೋ ಮೇಲಿನಿಂದ ಇಡೀ ಸ್ಲ್ಯಾಬ್ ಕಿತ್ತುಬರುತ್ತದೆ. ‘ಮೇಲಿನಿಂದ ಬಂತು’ ಎಂದು ಬದುಕಿದವರು ಹೇಳುವುದು ಸುಳ್ಳಲ್ಲ. ಕರೆದವರು ಯಾರು ಎಂಬುದಷ್ಟೇ ಆ ಮಾತಿನಲ್ಲಿಲ್ಲ.

ಇಂಥ ಹಿಮ ಬಾಯಿಬಿಟ್ಟು ಎಚ್ಚರಿಸುತ್ತದೆ ಕೂಡ. ನಡೆಯುವಾಗ ಕಾಲಡಿಯಲ್ಲಿ ‘ಧುಪ್’ ಎಂದು ಏನೋ ಕುಸಿದ ಸದ್ದಾದರೆ ಅದು ತಳದ ಪದರ ಮುರಿದ ಸದ್ದು. ಬೂಟಿನ ತುದಿಯಿಂದ ಬಿರುಕು ಚಿಮ್ಮಿದರೆ, ಎದುರಿನ ಅಂಥದೇ ಇಳಿಜಾರಿನಲ್ಲಿ ನಿನ್ನೆ ಜಾರಿದ ಗುರುತಿದ್ದರೆ, ರಾತ್ರಿಯಿಡೀ ಹಿಮ ಬಿದ್ದಿದ್ದರೆ, ದಿಣ್ಣೆಯ ಅಂಚಿನಿಂದ ಗಾಳಿ ಹಿಮವನ್ನು ಹೊಗೆಯಂತೆ ಎಬ್ಬಿಸಿ ಮರೆಯ ಬದಿಗೆ ಸುರಿಯುತ್ತಿದ್ದರೆ, ಹಠಾತ್ತನೆ ಬಿಸಿಲು ಏರಿದರೆ, ಇನ್ನೇನು ಬೇಕು? ಇಳಿಜಾರಿನ ಲೆಕ್ಕವಂತೂ ಇನ್ನೂ ನಿಚ್ಚಳ. ಸ್ಲ್ಯಾಬ್ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯ ನಡುವೆ. 38ರ ಆಸುಪಾಸು ಅತಿ ಕೆಟ್ಟದ್ದು. 30ಕ್ಕಿಂತ ಕಡಿಮೆ ಇದ್ದರೆ, ಮೇಲೆ ಕಡಿದಾದ ಮೈ ಇಲ್ಲದಿದ್ದರೆ, ನಿಶ್ಚಿಂತೆಯಿಂದ ನಡೆಯಬಹುದು. ಕೋನ ಅಳೆಯುವ ಸೌಲಭ್ಯ ಪ್ರತಿಯೊಬ್ಬರ ಜೇಬಿನ ಮೊಬೈಲಿನಲ್ಲೇ ಇದೆ. ಚಾರಣಕ್ಕೆ ಹೋಗುವವರು ಆ ಮೊಬೈಲಿನಿಂದ ಏನೇನು ಮಾಡುತ್ತಾರೆಂದು ನಿಮಗೆ ಗೊತ್ತು.

‘ಜೋರಾಗಿ ಕೂಗಬೇಡಿ, ಹಿಮ ಕುಸಿಯುತ್ತದೆ’ ಎಂಬ ಸಿನಿಮಾ ಜ್ಞಾನವನ್ನು ಮಾತ್ರ ಎಲ್ಲರೂ ಭಕ್ತಿಯಿಂದ ಪಾಲಿಸುತ್ತಾರೆ. ಮನುಷ್ಯನ ಕೂಗಿನಿಂದ ಹಿಮದ ಮೇಲೆ ಬೀಳುವ ಒತ್ತಡ ಪದರ ಮುರಿಯಲು ಬೇಕಾದ್ದರ ಹತ್ತಿರಕ್ಕೂ ಸುಳಿಯದು. ಪಿಸುಗುಟ್ಟುತ್ತ ಸಾಲಾಗಿ ಇಪ್ಪತ್ತು ಜನ ಒಟ್ಟಿಗೆ 38 ಡಿಗ್ರಿಯ ಇಳಿಜಾರು ದಾಟುವುದು ನಮ್ಮ ಸುರಕ್ಷತೆಯ ಕಲ್ಪನೆ. ಅಂಥ ಜಾಗವನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ, ಉಳಿದವರ ಕಣ್ಣು ದಾಟುವವನ ಮೇಲಿಟ್ಟು ದಾಟಬೇಕು. ಬೇಕಾದರೆ ಹಾಡಿಕೊಂಡು ದಾಟಿ, ಅಡ್ಡಿಯಿಲ್ಲ.

ಇಷ್ಟು ಹೇಳಿದ ಮೇಲೆ ಬರುವ ಮೊದಲ ಆಕ್ಷೇಪ: ‘ನಮಗೇಕೆ ಇದೆಲ್ಲ? ಅನುಭವಿ ಗೈಡ್ ಇರುತ್ತಾನಲ್ಲ.’ 2022ರ ಅಕ್ಟೋಬರ್ 4ರ ಬೆಳಗ್ಗೆ ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ದಂಡಾ-2 ಶಿಖರದಲ್ಲಿ ನೆಹರು ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡದ ಮೇಲೆ ಹಿಮ ಜಾರಿತು. 29 ಮಂದಿ ಹೋದರು. 27 ದೇಹಗಳು ಸಿಕ್ಕವು, ಇಬ್ಬರದು ಸಿಗಲಿಲ್ಲ. ಕರ್ನಾಟಕದಿಂದ ಹೋದ ತರುಣರೂ ಅವರಲ್ಲಿದ್ದರು. ಆ ಸಂಸ್ಥೆ 1965ರಿಂದ ಇರುವಂಥದು. ಆ ಶಿಖರ ವರ್ಷಗಳಿಂದ ಅದರ ಪಾಠಶಾಲೆ. ಸತ್ತ ಬೋಧಕರಲ್ಲಿ ಒಬ್ಬರಾದ ಸವಿತಾ ಕಂಸ್ವಾಲ್ ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟನ್ನೂ ಮಕಾಲುವನ್ನೂ ಹದಿನಾರು ದಿನಗಳ ಅಂತರದಲ್ಲಿ ಹತ್ತಿ ಬಂದವರು. ಅನುಭವಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದಿದೆ? ಅಂದು ಯಾರು ಯಾವ ಹೊತ್ತಿನಲ್ಲಿ ಏನು ತೀರ್ಮಾನಿಸಿದರೆಂದು ಕೂತಲ್ಲಿಂದ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ನನ್ನ ಮಾತು ಇಷ್ಟೇ. ಪರಿಚಿತ ದಾರಿ, ಹೆಸರಾಂತ ಸಂಸ್ಥೆ, ಎವರೆಸ್ಟ್ ಏರಿದ ಬೋಧಕಿ, ಈ ಮೂರೂ ಇದ್ದೂ ಆ ಇಳಿಜಾರು ಜಾರಿತು. ನಾವು ಸುರಕ್ಷತೆಯ ಪುರಾವೆ ಅಂದುಕೊಂಡಿರುವ ಯಾವುದೂ ಹಿಮದ ಪದರಕ್ಕೆ ಸಂಬಂಧಪಟ್ಟದ್ದಲ್ಲ.

ಇದನ್ನೇ ಲೆಕ್ಕ ಹಾಕಿ ತೋರಿಸಿದವರಿದ್ದಾರೆ. ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕ ಅಮೆರಿಕದಲ್ಲಿ 1972ರಿಂದ 2003ರವರೆಗೆ ಹಿಮದಾಟಕ್ಕೆ ಹೋದವರಿಗೆ ಆದ 715 ಹಿಮಕುಸಿತ ಅಪಘಾತಗಳ ದಾಖಲೆಗಳನ್ನು ಜಾಲಾಡಿದ. ಹೆಚ್ಚಿನ ಅಪಘಾತಗಳಲ್ಲಿ ಅಪಾಯದ ಗುರುತುಗಳು ಕಣ್ಣಿಗೆ ರಾಚುವಂತಿದ್ದವು. ತರಬೇತಿ ಪಡೆದವರೂ ಸಿಕ್ಕಿಬಿದ್ದಿದ್ದರು. ಅವರನ್ನು ಮುಂದೆ ತಳ್ಳಿದ್ದು ಅಜ್ಞಾನಕ್ಕಿಂತ ಹೆಚ್ಚಾಗಿ ಕೆಲವು ಮಾಮೂಲಿ ಮನೋಭಾವಗಳು: ಇದು ನನಗೆ ಗೊತ್ತಿರುವ ಜಾಗ, ಇಷ್ಟು ದೂರ ಬಂದು ಹಿಂದಿರುಗುವುದೆ, ಮುಂದಾಳು ಹೋಗುತ್ತಿದ್ದಾನಲ್ಲ, ಆ ಇನ್ನೊಂದು ತಂಡ ಆಗಲೇ ದಾಟಿತಲ್ಲ, ಎಲ್ಲರೆದುರು ಅಂಜುಬುರುಕ ಅನ್ನಿಸಿಕೊಳ್ಳುವುದು ಹೇಗೆ, ಇಂಥ ಅವಕಾಶ ಮತ್ತೆ ಸಿಗುತ್ತದೋ ಇಲ್ಲವೋ. ಓದಿ ನೋಡಿ, ಇದರಲ್ಲಿ ಒಂದಾದರೂ ಹಿಮಕ್ಕೆ ಸಂಬಂಧಪಟ್ಟದ್ದಿದೆಯೇ? ಎಲ್ಲವೂ ನಮ್ಮ ಮದುವೆಮನೆಯಲ್ಲಿ, ಆಫೀಸಿನಲ್ಲಿ, ರಸ್ತೆಯಲ್ಲಿ ದಿನಾ ನಡೆಯುವ ವ್ಯವಹಾರ. ಒಂದು ತಂಡ ಈಗಷ್ಟೇ ದಾಟಿದ ಇಳಿಜಾರು ಭದ್ರ ಎಂಬುದಂತೂ ಅಪ್ಪಟ ಭ್ರಮೆ. ಹತ್ತನೆಯವನ ಕಾಲಿಗೆ ಸಿಗದ ಟೊಳ್ಳು ಜಾಗ ಹನ್ನೊಂದನೆಯವನ ಕಾಲಿಗೆ ಸಿಗುತ್ತದೆ.

ಈಗ ನಮ್ಮ ಊರಿನ ಕಡೆ ತಿರುಗೋಣ. ಹಿಮಾಲಯದ ಚಳಿಗಾಲದ ಚಾರಣ ಇವತ್ತು ಬೆಂಗಳೂರಿನ ಒಂದು ವಾಡಿಕೆ. ಕೇದಾರಕಂಠ, ಬ್ರಹ್ಮತಾಲ್, ಕುವಾರಿ ಪಾಸ್ ಎಂಬ ಹೆಸರುಗಳು ಟೆಕ್ ಪಾರ್ಕುಗಳ ಕ್ಯಾಂಟೀನಿನಲ್ಲಿ ಮಡಿಕೇರಿ, ಸಕಲೇಶಪುರದಷ್ಟೇ ಸಲೀಸಾಗಿ ಓಡಾಡುತ್ತವೆ. ಹೋಗುವ ಮುನ್ನ ಸ್ಕಂದಗಿರಿ, ಕುಮಾರಪರ್ವತಗಳಲ್ಲಿ ಕಾಲು ಪಳಗಿಸಿಕೊಳ್ಳುತ್ತಾರೆ. ಐದು ಕಿಲೋಮೀಟರ್ ಎಷ್ಟು ನಿಮಿಷದಲ್ಲಿ ಓಡಿದಿರಿ ಎಂಬುದರ ಸ್ಕ್ರೀನ್‌ಶಾಟ್ ಕೇಳುವ ಸಂಘಟಕರಿದ್ದಾರೆ. ಒಳ್ಳೆಯದೇ. ಮೈಕ್ರೋಸ್ಪೈಕು, ಗೇಟರ್ ಬಾಡಿಗೆಗೆ ಸಿಗುತ್ತವೆ. ಡೌನ್ ಜಾಕೆಟ್‌ನಿಂದ ಹಿಡಿದು ಲಿಪ್‌ಬಾಮ್ ತನಕ ಒಯ್ಯಬೇಕಾದ್ದರ ಪಟ್ಟಿ ಬರುತ್ತದೆ. ಆದರೆ ನಾವು ನಡೆಯಲಿರುವ ದಾರಿಯ ಎಷ್ಟು ಭಾಗ 30 ಡಿಗ್ರಿಗಿಂತ ಕಡಿದು, ಎಷ್ಟು ಭಾಗ ಅಂಥ ಇಳಿಜಾರಿನ ಬುಡದಲ್ಲಿ ಹಾಯುತ್ತದೆ ಎಂದು ಹೇಳುವ ಒಂದು ನಕ್ಷೆ? ಅದನ್ನು ಕೊಡುವವರೂ ಅಪರೂಪ, ಕೇಳುವವರೂ ಅಪರೂಪ. ಚಳಿಗಾಲದ ಜನಪ್ರಿಯ ದಾರಿಗಳಲ್ಲಿ ಬಹಳಷ್ಟು ಭಾಗ ಕಾಡಿನೊಳಗಿನ, ದಿಣ್ಣೆಯ ಮೇಲಿನ ತಗ್ಗು ಇಳಿಜಾರು. ಅದು ದೊಡ್ಡ ವರ. ಈ ವರವೇ ತಪ್ಪು ಪಾಠ ಕಲಿಸುತ್ತದೆ. ಅಲ್ಲಿ ಏನೂ ಆಗದೆ ಮರಳಿದವರು ‘ನಾನು ಹಿಮದಲ್ಲಿ ನಡೆದಿದ್ದೇನೆ’ ಎಂಬ ಧೈರ್ಯದಲ್ಲಿ ಮುಂದಿನ ವರ್ಷ ಎತ್ತರದ ಪಾಸುಗಳಿಗೆ ಹೊರಡುತ್ತಾರೆ.

ಇದೆಲ್ಲಕ್ಕಿಂತ ಕೆಟ್ಟದ್ದು ಕ್ಯಾಲೆಂಡರು. ಡೆಹ್ರಾಡೂನಿಗೆ ವಿಮಾನ, ಅಲ್ಲಿಂದ ದಿನವಿಡೀ ಗಾಡಿ, ನಾಲ್ಕು ದಿನ ನಡಿಗೆ, ಮೂರನೆಯ ದಿನ ನಸುಕಿನಲ್ಲೇ ಎದ್ದು ಶಿಖರ, ಸೋಮವಾರ ಮ್ಯಾನೇಜರ್ ಮುಂದೆ ಹಾಜರು. ರಜೆ ಮಂಜೂರಾದ ದಿನಾಂಕವೇ ಶಿಖರದ ದಿನಾಂಕ. ಹಿಮ ಬಿದ್ದ ಮೇಲಿನ ಒಂದೆರಡು ದಿನವೇ ಅತ್ಯಂತ ಅಪಾಯದ್ದು ಎಂಬುದು ಈ ವಿದ್ಯೆಯ ಮೊದಲ ಪಾಠ. ಹೊಸ ಹಿಮ ಬಿದ್ದ ಮರುದಿನವೇ ಫೋಟೊ ಚೆನ್ನಾಗಿ ಬರುತ್ತದೆ ಎಂಬುದು ನಮ್ಮ ಮೊದಲ ಪಾಠ. ಹೆಚ್ಚುವರಿ ಎರಡು ದಿನ ಇಟ್ಟುಕೊಳ್ಳಿ ಎಂದರೆ ಪ್ಯಾಕೇಜ್ ದುಬಾರಿಯಾಗುತ್ತದೆ, ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹಿಂದಿರುಗೋಣ ಎಂದ ಗೈಡ್‌ಗೆ ಒಂದು ಸ್ಟಾರ್ ಕೊಟ್ಟು, ದುಡ್ಡು ವಾಪಸ್ ಕೇಳುವವರು ನಾವೇ. ಆ ಪಹಾಡಿ ಹುಡುಗನಿಗೆ ಇಳಿಜಾರಿನ ಮೇಲೆ ಅನುಮಾನ ಬಂದರೂ ಬಾಯಿ ಬಿಡದಂತೆ ನಾವೇ ಕಟ್ಟಿಹಾಕಿರುತ್ತೇವೆ. ಕೊನೆಗೆ ಬೈಯುವುದು ಬೆಟ್ಟವನ್ನು.

2014ರ ಅಕ್ಟೋಬರಿನಲ್ಲಿ ನೇಪಾಳದ ಅನ್ನಪೂರ್ಣ ಸುತ್ತಿನ ಥೊರಾಂಗ್ ಲಾದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಹುಡ್‌ಹುಡ್ ಚಂಡಮಾರುತ 12ನೇ ತಾರೀಖು ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಅದು ಬರುತ್ತದೆಂದು ಇಡೀ ಭಾರತಕ್ಕೆ ಗೊತ್ತಿತ್ತು. ಆಂಧ್ರ, ಒಡಿಶಾಗಳಲ್ಲಿ ಲಕ್ಷಗಟ್ಟಲೆ ಜನರನ್ನು ಮೊದಲೇ ಸಾಗಿಸಿದ್ದರು. ಅದರ ಬಾಲವೇ ಎರಡು ದಿನ ಬಿಟ್ಟು, 14ರಂದು, ಆ ಪಾಸಿನ ಸುತ್ತ ಹಿಮವಾಗಿ ಸುರಿಯಿತು. ಬಿರುಗಾಳಿ ಮತ್ತು ಹಿಮಕುಸಿತಗಳಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಎರಡು ದಿನ ಮೊದಲೇ ಟಿ.ವಿ.ಯಲ್ಲಿ ಕಂಡ ಚಂಡಮಾರುತ ಪಾಸಿನ ಬುಡದ ಟೀ ಹೌಸಿಗೆ ಸುದ್ದಿಯಾಗಿ ತಲುಪದೆ ಹೋದದ್ದು ಪ್ರಕೃತಿಯ ಮುನಿಸೇ? 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ನಲ್ಲಿ ಕರ್ನಾಟಕದವರೇ ಹೆಚ್ಚಾಗಿದ್ದ 22 ಜನರ ತಂಡ ಕೆಟ್ಟ ಹವೆಗೆ ಸಿಕ್ಕಿ ಒಂಬತ್ತು ಮಂದಿ ಸತ್ತಾಗ, ನಮ್ಮ ಸಚಿವರೇ ಡೆಹ್ರಾಡೂನಿಗೆ ಧಾವಿಸಬೇಕಾಯಿತು. ಅದು ಹಿಮಕುಸಿತವಲ್ಲ, ಹಿಮಗಾಳಿ ಮತ್ತು ಚಳಿ. ಆದರೆ ಆಮೇಲೆ ಕೇಳಿಬಂದ ಮಾತು ಮಾತ್ರ ಅದೇ ಹಳೆಯದು.

ಇನ್ನೊಂದು ಭರವಸೆಯನ್ನೂ ಕಳಚಬೇಕು: ಹೂತುಹೋದರೂ ಹುಡುಕಿ ತೆಗೆಯುತ್ತಾರೆ ಎಂಬುದು. ಇದಕ್ಕೆ ನಾವು ಕೊಡುವ ಉದಾಹರಣೆ ನಮ್ಮವರೇ ಆದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಈ ಯೋಧ ಆರು ದಿನಗಳ ಮೇಲೆ ಜೀವಂತ ಸಿಕ್ಕಾಗ ನಾಡಿಗೆ ನಾಡೇ ದೇವರಿಗೆ ಹರಕೆ ಹೊತ್ತಿತ್ತು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಉಳಿದ ಒಂಬತ್ತು ಮಂದಿ ಶವವಾಗಿಯೇ ಸಿಕ್ಕಿದ್ದರು. ಡೇರೆಯೊಳಗೆ ಉಳಿದಿದ್ದ ಗಾಳಿ ಅವರನ್ನು ಅಷ್ಟು ದಿನ ಕಾಯ್ದಿತ್ತು; ಮಾಣಾದ ಕಾರ್ಮಿಕರಲ್ಲಿ ಹಲವರನ್ನು ಕಾಯ್ದದ್ದು ಅವರು ಮಲಗಿದ್ದ ಉಕ್ಕಿನ ಕಂಟೈನರು. ಬಯಲಿನಲ್ಲಿ ನಡೆಯುತ್ತಿರುವ ಚಾರಣಿಗನಿಗೆ ಇವೆರಡೂ ಇಲ್ಲ. ಹರಿಯುವಾಗ ಪುಡಿಪುಡಿಯಾಗಿ ಬರುವ ಹಿಮ ನಿಂತ ಗಳಿಗೆಯಲ್ಲೇ ಬಿಗಿದುಕೊಳ್ಳುತ್ತದೆ. ಒಳಗಿದ್ದವನಿಗೆ ಬೆರಳು ಅಲ್ಲಾಡಿಸಲಾಗದು, ಯಾವುದು ಮೇಲು ಯಾವುದು ಕೆಳಗು ತಿಳಿಯದು. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾನೆ. ಸ್ವಿಟ್ಜರ್ಲೆಂಡಿನ ದಾಖಲೆಗಳ ಪ್ರಕಾರ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದವರಲ್ಲಿ ಶೇಕಡ 90ರಷ್ಟು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬ.

ಹದಿನೈದು ನಿಮಿಷದಲ್ಲಿ ಯಾವ ಹೆಲಿಕಾಪ್ಟರ್ ಬರುತ್ತದೆ? ದ್ರೌಪದಿ ಕಾ ದಂಡಾಕ್ಕೆ ವಾಯುಪಡೆಯ ಹೆಲಿಕಾಪ್ಟರುಗಳು ಬಂದವು, ಗುಲ್ಮಾರ್ಗ್‌ನ ಸೇನಾ ಶಾಲೆಯಿಂದ ಪರಿಣತರನ್ನು ಕರೆಸಬೇಕಾಯಿತು. ಅಷ್ಟು ಹೊತ್ತಿಗೆ ಅದು ಶವ ಎತ್ತುವ ಕೆಲಸ. ಬದುಕಿಸಬಲ್ಲವರು ಪಕ್ಕದಲ್ಲಿದ್ದು ಹೂತುಹೋಗದೆ ಉಳಿದವರು ಮಾತ್ರ. ಅದಕ್ಕೆ ಪ್ರತಿಯೊಬ್ಬರ ಎದೆಗೂ ಹೂತವನ ಇರವನ್ನು ಸಂಕೇತದಿಂದ ತಿಳಿಸುವ ಒಂದು ಟ್ರಾನ್ಸೀವರ್, ಚೀಲದಲ್ಲಿ ಮಡಿಸಿದ ತನಿಖಾ ಕೋಲು, ಲೋಹದ ಸನಿಕೆ ಇರಬೇಕು, ಬಳಸಿ ರೂಢಿಯಿರಬೇಕು. ಒಂದು ಮೀಟರ್ ಆಳದಲ್ಲಿರುವವನನ್ನು ತೆಗೆಯಲು ಅಗೆಯಬೇಕಾದ ಹಿಮ ಒಂದು ಟನ್ನಿಗೂ ಹೆಚ್ಚು. ಬರಿಗೈಯಲ್ಲಿ ಕೆರೆದರೆ ಉಗುರು ಕಿತ್ತುಬರುತ್ತದೆ, ಅಷ್ಟೆ. ಈ ಮೂರು ಸಾಮಾನುಗಳಿಲ್ಲದೆ ಕಡಿದಾದ ಹಿಮದ ಇಳಿಜಾರಿಗೆ ಗಿರಾಕಿಗಳನ್ನು ಕರೆದೊಯ್ಯುವವರನ್ನು ಸಾಹಸ ಸಂಘಟಕರೆಂದು ಕರೆಯಲು ನನಗೆ ಮನಸ್ಸಿಲ್ಲ.

‘ಹಿಮಾಲಯ ಆಲ್ಪ್ಸ್ ಅಲ್ಲ, ಇಲ್ಲಿ ಮುನ್ಸೂಚನೆ ಎಲ್ಲಿದೆ’ ಎಂಬುದು ಎರಡನೆಯ ಆಕ್ಷೇಪ. ಅರ್ಧ ನಿಜ. ಸ್ವಿಟ್ಜರ್ಲೆಂಡಿನಲ್ಲಿ 1945ರಿಂದ ಹಿಮಕುಸಿತದ ಬುಲೆಟಿನ್ ಸಾರ್ವಜನಿಕರಿಗೆ ಬರುತ್ತಿದೆ; ಈಗ ಚಳಿಗಾಲದಲ್ಲಿ ಯಾವ ದಿಕ್ಕಿನ, ಯಾವ ಎತ್ತರದ ಇಳಿಜಾರು ಇವತ್ತು ಕೆಟ್ಟದ್ದು ಎಂಬಷ್ಟು ನಿಖರವಾಗಿ ಹೇಳುತ್ತಾರೆ. ನಮ್ಮಲ್ಲೂ 1969ರಲ್ಲೇ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ ಹುಟ್ಟಿತು. 2020ರಲ್ಲಿ ಅದು ಇನ್ನೊಂದು ರಕ್ಷಣಾ ಪ್ರಯೋಗಾಲಯದ ಜೊತೆ ಸೇರಿ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯಾಯಿತು. ಸೇನೆಯ ಅಗತ್ಯಕ್ಕೆ ಹುಟ್ಟಿದ್ದಾದರೂ ಜಿಲ್ಲಾವಾರು ಎಚ್ಚರಿಕೆಗಳನ್ನು ಅದು ಹೊರಡಿಸುತ್ತದೆ. ಮಾಣಾದ ದುರಂತದ ಹಿಂದಿನ ದಿನವೇ ಚಮೋಲಿ ಜಿಲ್ಲೆಗೆ ಅಂಥ ಎಚ್ಚರಿಕೆ ಇತ್ತು. ಒಂದು ಇಡೀ ಜಿಲ್ಲೆಗೆ ಕೊಟ್ಟ ಎಚ್ಚರಿಕೆ ಒಂದು ಕಣಿವೆಗೆ ಹೋಗುವವನಿಗೆ ಸಾಲದು, ಒಪ್ಪುತ್ತೇನೆ. ಆದರೆ ಇರುವಷ್ಟನ್ನೂ ನಾವು ನೋಡುವುದಿಲ್ಲವಲ್ಲ! 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಹಿಮಕುಸಿತಕ್ಕೆ ಏಳು ಪ್ರವಾಸಿಗರು ಸತ್ತರು. ಪರವಾನಗಿ ಕೊಟ್ಟಿದ್ದದ್ದು 13ನೇ ಮೈಲಿನ ತನಕ, ಜನ ಹೋಗಿದ್ದದ್ದು ಅದರಾಚೆಗೆ. ಸೂಚನೆ ಇಲ್ಲದ್ದಕ್ಕೂ ಇದ್ದ ಸೂಚನೆಗೆ ಬೆಲೆ ಕೊಡದ್ದಕ್ಕೂ ವ್ಯತ್ಯಾಸವಿದೆ.

ಯಾವ ನಿಮಿಷಕ್ಕೆ ಯಾವ ಇಳಿಜಾರು ಜಾರುತ್ತದೆಂದು ಜಗತ್ತಿನ ಯಾವ ತಜ್ಞನೂ ಹೇಳಲಾರ. ವಿಧಿವಾದಿಗಳು ಹಿಡಿದು ನೇತಾಡುವುದು ಈ ಒಂದು ಸತ್ಯದ ಎಳೆಗೇ. ಯಾವ ಬಗೆಯ ಇಳಿಜಾರು ಯಾವ ಬಗೆಯ ದಿನ ಜಾರಬಹುದು ಎಂದು ತಿಳಿದರೆ ಸಾಕು, ಅಲ್ಲಿ ಆ ದಿನ ಇಲ್ಲದಿರುವುದು ಸಾಧ್ಯ. ಕೆನಡಾದ ರಾಜರ್ಸ್ ಪಾಸ್ ಬಳಿಯ ಕಾನಾಟ್ ಕ್ರೀಕ್ ಕಣಿವೆಯಲ್ಲಿ 2003ರ ಫೆಬ್ರುವರಿ 1ರಂದು ಒಂದು ಶಾಲೆಯ ಏಳು ವಿದ್ಯಾರ್ಥಿಗಳು ಹಿಮಕುಸಿತದಲ್ಲಿ ಸತ್ತರು. ಅದು ತಾನಾಗಿಯೇ ಮೇಲಿನಿಂದ ಬಂದದ್ದು. ಮಕ್ಕಳಾಗಲಿ ಶಿಕ್ಷಕರಾಗಲಿ ಎಬ್ಬಿಸಿದ್ದಲ್ಲ. ಪ್ರಕೃತಿಯ ತಲೆಗೆ ಕಟ್ಟಲು ಇದಕ್ಕಿಂತ ತಕ್ಕ ಘಟನೆ ಸಿಗದು. ಕೆನಡಾದವರು ಹಾಗೆ ಮಾಡಲಿಲ್ಲ. ಆ ದಿನ, ಹಿಮಕುಸಿತದ ಬುಲೆಟಿನ್ ಇದ್ದೂ, ಆ ಮಕ್ಕಳು ಆ ಇಳಿಜಾರಿನ ಬುಡದಲ್ಲಿ ಏಕಿದ್ದರು ಎಂದು ಕೇಳಿದರು. ಸ್ವತಂತ್ರ ವಿಚಾರಣೆಯಾಯಿತು, ವರದಿ ಎಲ್ಲರ ಕೈಗೆ ಸಿಕ್ಕಿತು. ದಾರಿಗಳನ್ನು ಸರಳ, ಸವಾಲಿನ, ಸಂಕೀರ್ಣ ಎಂದು ಮೂರು ವರ್ಗ ಮಾಡಿ ಪ್ರಕಟಿಸಿದರು. ರಾಷ್ಟ್ರೀಯ ಉದ್ಯಾನಗಳಲ್ಲಿ ಶಾಲಾ ತಂಡಗಳು ಚಳಿಗಾಲದಲ್ಲಿ ಸಂಕೀರ್ಣ ವರ್ಗಕ್ಕೆ ಕಾಲಿಡುವಂತಿಲ್ಲವೆಂದು ನಿಯಮ ಮಾಡಿದರು. ಮರುವರ್ಷ ದೇಶಕ್ಕೊಂದು ಹಿಮಕುಸಿತ ಕೇಂದ್ರ ಬಂತು. ಕೇದಾರಕಂಠಕ್ಕೋ ಕುವಾರಿ ಪಾಸಿಗೋ ಇಂಥದೊಂದು ವರ್ಗೀಕರಣ ಮಾಡಲು ಹಿಮಾಲಯವನ್ನು ಹೊಸದಾಗಿ ಅಳೆಯಬೇಕಿಲ್ಲ. ಇಳಿಜಾರಿನ ನಕ್ಷೆ ಉಪಗ್ರಹಗಳಿಂದಲೇ ಸಿಗುತ್ತದೆ. ಬೇಕಿರುವುದು ಅದನ್ನು ಪ್ರಕಟಿಸಬೇಕೆಂಬ ಮನಸ್ಸು.

‘ಇಷ್ಟೆಲ್ಲ ಹೆದರುವುದಾದರೆ ಮನೆಯಲ್ಲೇ ಕೂರಿ’ ಎಂದು ಕೊನೆಗೆ ಮೂದಲಿಸುವವರಿದ್ದಾರೆ. ಹಿಮವನ್ನು ಬಲ್ಲವರು ಮನೆಯಲ್ಲಿ ಕೂತಿಲ್ಲ. ಕೆಟ್ಟ ದಿನ 25 ಡಿಗ್ರಿಯ ಕಾಡಿನ ಇಳಿಜಾರಿನಲ್ಲಿ ಖುಷಿಯಾಗಿ ಅಡ್ಡಾಡಿ, ಒಳ್ಳೆಯ ದಿನ ಮೇಲೆ ಹೋಗುತ್ತಾರೆ, ಮುದುಕರಾಗುವ ತನಕ ಹೋಗುತ್ತಾರೆ. ಮನೆಯಲ್ಲಿ ಕೂರಬೇಕಾದವರು ಯಾವ ದಿನವಾದರೂ ಸರಿ, ದುಡ್ಡು ಕಟ್ಟಿದ್ದೇನೆ, ಹತ್ತಿಸಿ ಎನ್ನುವವರು.

ಆದ್ದರಿಂದ, ಈ ಚಳಿಗಾಲಕ್ಕೆ ಹೆಸರು ಕೊಡಲು ಹೊರಟಿರುವ ಓದುಗರಲ್ಲಿ ಒಂದು ಕೋರಿಕೆ. ಮುಂಗಡ ಕಟ್ಟುವ ಮುನ್ನ ಸಂಘಟಕರಿಗೆ ಫೋನ್ ಮಾಡಿ. ದಾರಿಯಲ್ಲಿ 30 ಡಿಗ್ರಿ ಮೀರಿದ ಜಾಗ ಎಲ್ಲೆಲ್ಲಿದೆ, ಹಿಮ ಬಿದ್ದ ಮರುದಿನ ಅಲ್ಲಿ ಏನು ಮಾಡುತ್ತೀರಿ, ಟ್ರಾನ್ಸೀವರ್ ಎಷ್ಟಿವೆ, ನಿಮ್ಮ ಗೈಡ್ ಹಿಮಕುಸಿತದ ತರಬೇತಿ ಎಲ್ಲಿ ಪಡೆದಿದ್ದಾರೆ, ಅವರು ಬೇಡವೆಂದು ಹಿಂದಿರುಗಿದರೆ ಅವರ ಸಂಬಳ ಕಡಿತವಾಗುತ್ತದೆಯೇ ಎಂದು ಕೇಳಿ. ‘ಅದೆಲ್ಲ ನಾವು ನೋಡಿಕೊಳ್ಳುತ್ತೇವೆ ಸರ್’ ಎಂಬುದಷ್ಟೇ ಉತ್ತರವಾದರೆ ಆ ದುಡ್ಡನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.